ಜರ್ನಲ್ ಡ್ರೈವ್ ಬದಲಾವಣೆ

ಹಲವು ಸರ್ವರ್‌ಗಳು ಸೇರಿ ಒಂದೇ ಉಗ್ರಾಣದಂತೆ ಕೆಲಸ ಮಾಡುವ ಸಂಗ್ರಹ ಕ್ಲಸ್ಟರ್‌ನಲ್ಲಿ, ಹೊಸ ಬರಹಗಳನ್ನು ಎಲ್ಲಕ್ಕಿಂತ ಮೊದಲು ದಾಖಲಿಸಿಕೊಳ್ಳುವ ವೇಗದ ಡ್ರೈವನ್ನು ಮಾಹಿತಿ ಕಳೆಯದಂತೆ, ಸೇವೆ ನಿಲ್ಲದಂತೆ ತೆಗೆದು ಹೊಸದನ್ನು ಕೂರಿಸುವ ಕೆಲಸಕ್ಕೆ ಜರ್ನಲ್ ಡ್ರೈವ್ ಬದಲಾವಣೆ ಎಂದು ಹೆಸರು. ಮುಖ್ಯವಾಗಿ ಸೆಫ್ ಎಂಬ ಮುಕ್ತ ತಂತ್ರಾಂಶದ ಬಳಕೆದಾರರಲ್ಲಿ ಈ ಮಾತು ರೂಢಿಯಲ್ಲಿದೆ. ಮಾಮೂಲಿ ಹಾರ್ಡ್ ಡಿಸ್ಕ್ ಒಂದು ಕೆಟ್ಟರೆ ಅದರ ಪ್ರತಿಗಳು ಬೇರೆಡೆ ಇರುತ್ತವೆ, ನಷ್ಟ ಒಂದು ಡಿಸ್ಕಿನದು ಮಾತ್ರ. ಆದರೆ ಒಂದು ಜರ್ನಲ್ ಡ್ರೈವನ್ನು ನಾಲ್ಕೈದು ಡಿಸ್ಕುಗಳು ನೆಚ್ಚಿಕೊಂಡಿರುವುದರಿಂದ, ಅದನ್ನು ಕ್ರಮ ತಪ್ಪಿ ತೆಗೆದರೆ ಅಷ್ಟೂ ಡಿಸ್ಕುಗಳು ಒಟ್ಟಿಗೆ ಕೈಬಿಡುತ್ತವೆ.

ಪರಿಭಾಷೆ

ಜರ್ನಲ್ ಎಂಬುದು ಲೆಕ್ಕಪತ್ರದಿಂದ ಬಂದ ಶಬ್ದ. ಕನ್ನಡದ ಅಂಗಡಿ ಲೆಕ್ಕದಲ್ಲಿ ಅದಕ್ಕೆ ಸಮನಾದದ್ದು ಕಿರ್ದಿ. ವ್ಯವಹಾರ ನಡೆದ ಕೂಡಲೇ, ನಡೆದ ಕ್ರಮದಲ್ಲೇ ಬರೆದುಕೊಳ್ಳುವುದು ಕಿರ್ದಿ. ಬಿಡುವಾದಾಗ ಅದನ್ನೇ ಆಸಾಮಿವಾರು ವಿಂಗಡಿಸಿ ಎತ್ತಿ ಬರೆಯುವುದು ಖಾತೆ ಪುಸ್ತಕ. ಅರಸೀಕೆರೆಯಂಥ ಕೊಬ್ಬರಿ ಮಾರುಕಟ್ಟೆಯಲ್ಲಿ ಮಾಲು ತೂಗಿ ಮುಗಿದ ಗಳಿಗೆಯಲ್ಲಿ ಗುಮಾಸ್ತ ಒಬ್ಬೊಬ್ಬ ರೈತನ ಪುಟವನ್ನೂ ಹುಡುಕುತ್ತ ಕೂರಲಾಗದು. ಕಿರ್ದಿಯಲ್ಲಿ ಸಾಲು ಬಿದ್ದರೆ ವ್ಯವಹಾರ ಆಯಿತೆಂದೇ ಅರ್ಥ. ಸಂಗ್ರಹ ಕ್ಲಸ್ಟರ್ ಮಾಡುವುದೂ ಇದನ್ನೇ: ಕಿರ್ದಿ ಜರ್ನಲ್ ಡ್ರೈವಿನಲ್ಲಿ, ಖಾತೆ ಹಾರ್ಡ್ ಡಿಸ್ಕಿನಲ್ಲಿ.

ಫೈಲ್ ಎಂಬುದಕ್ಕೆ ಗಣಕ ಕನ್ನಡದಲ್ಲಿ ನೆಲೆನಿಂತ ಕಡತ ಎಂಬ ಮಾತಿಗೂ ಈ ಸಂದರ್ಭದಲ್ಲಿ ಒಂದು ಹೊಂದಿಕೆಯಿದೆ. ಮೂಲದಲ್ಲಿ ಕಡತವೆಂದರೆ ಹುಣಸೆಬೀಜದ ಅಂಟು ಮತ್ತು ಇದ್ದಿಲನ್ನು ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು, ಬೇಕಾದಾಗ ಅಳಿಸಿ ಮತ್ತೆ ಬರೆಯುತ್ತಿದ್ದರು. ಬೇಲೂರು, ಹಳೇಬೀಡಿನ ಹೊಯ್ಸಳ ಗುಡಿಗಳನ್ನು ಕಡೆದದ್ದೂ ಬಳಪದ ಕಲ್ಲಿನಲ್ಲೇ. ಒಂದೇ ಕಲ್ಲು ಒಂದು ಕಡೆ ಅಳಿಸುವ ಲೆಕ್ಕಕ್ಕೂ ಇನ್ನೊಂದು ಕಡೆ ಉಳಿಯುವ ಕೆತ್ತನೆಗೂ ಒದಗಿದೆ. ಜರ್ನಲ್ ಮೊದಲ ಜಾತಿಯದು, ತುಂಬಿದಂತೆ ಅಳಿಸಿ ಮೊದಲಿನಿಂದ ಬರೆಯುವಂಥದು.

ಈ ಲೇಖನದಲ್ಲಿ ಓಎಸ್‌ಡಿ ಎಂದರೆ ಒಂದು ಹಾರ್ಡ್ ಡಿಸ್ಕನ್ನೂ ಅದನ್ನು ನೋಡಿಕೊಳ್ಳುವ ತಂತ್ರಾಂಶವನ್ನೂ ಸೇರಿಸಿದ ಘಟಕ. ವಿಧಾನಸೌಧದ ಸುದ್ದಿ ಓದುವವರಿಗೆ ಅದು ವಿಶೇಷ ಕರ್ತವ್ಯಾಧಿಕಾರಿ, ಎರಡಕ್ಕೂ ಸಂಬಂಧವಿಲ್ಲ. ಕಟ್ಟು ಎಂದರೆ ಒಟ್ಟಿಗೆ ಅವೇ ಓಎಸ್‌ಡಿಗಳ ಮೇಲೆ ಕೂರುವ ವಸ್ತುಗಳ, ಎಂದರೆ ಮಾಹಿತಿಯ ತುಣುಕುಗಳ, ಗುಂಪು. ಸೆಫ್‌ನಲ್ಲಿ ಇದಕ್ಕೆ ಪ್ಲೇಸ್‌ಮೆಂಟ್ ಗ್ರೂಪ್ ಎಂದು ಹೆಸರು. ಹರಿಸುವುದು ಎಂದರೆ ಜರ್ನಲ್‌ನಲ್ಲಿ ಬಾಕಿ ಉಳಿದದ್ದನ್ನೆಲ್ಲ ಡಿಸ್ಕಿಗೆ ಎತ್ತಿ ಬರೆದು ಜರ್ನಲನ್ನು ಬರಿದು ಮಾಡುವುದು.

ಹುಟ್ಟು

ಬದಲಾವಣೆಯನ್ನು ಮೊದಲು ದಾಖಲೆಗೆ, ಆಮೇಲೆ ಮೂಲಕ್ಕೆ ಬರೆಯುವ ಪದ್ಧತಿ ದತ್ತಾಂಶ ಕೋಶಗಳಿಂದ ಬಂದದ್ದು. ಅದಕ್ಕೆ ಪೂರ್ಣ ಶಾಸ್ತ್ರರೂಪ ಕೊಟ್ಟ ಏರೀಸ್ ಎಂಬ ವಿಧಾನವನ್ನು ಐಬಿಎಂನಲ್ಲಿದ್ದ ಭಾರತ ಮೂಲದ ವಿಜ್ಞಾನಿ ಸಿ. ಮೋಹನ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದರು. ಕಡತ ವ್ಯವಸ್ಥೆಗಳಲ್ಲಿ ಐಬಿಎಂನ ಜೆಎಫ್‌ಎಸ್ 1990ರಲ್ಲಿ ಜರ್ನಲ್ ತಂದಿತು. ಲಿನಕ್ಸ್‌ನ ಮುಖ್ಯ ತಂತ್ರಾಂಶಕ್ಕೆ ಇಎಕ್ಸ್‌ಟಿ3 ಸೇರಿದ್ದು 2001ರಲ್ಲಿ. ವಿದ್ಯುತ್ ಹೋಗಿ ಬಂದ ಮೇಲೆ ಗಂಟೆಗಟ್ಟಲೆ ಡಿಸ್ಕ್ ತಪಾಸಣೆಗೆ ಕಾಯುವ ಕಾಲ ಮುಗಿದದ್ದು ಇಂಥ ವ್ಯವಸ್ಥೆಗಳಿಂದ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಕ್ರೂಜ್ ಶಾಖೆಯಲ್ಲಿ ಸೇಜ್ ವೈಲ್ ಡಾಕ್ಟರೇಟ್ ಅಧ್ಯಯನಕ್ಕಾಗಿ ರೂಪಿಸಿದ ಸೆಫ್ 2006ರಲ್ಲಿ ಪ್ರಬಂಧವಾಗಿ ಪ್ರಕಟವಾಯಿತು. ಆರ್ಗೋನಾಟ್ ಎಂಬ ಮೊದಲ ಸ್ಥಿರ ಆವೃತ್ತಿ ಹೊರಬಂದದ್ದು 2012ರಲ್ಲಿ. ಸೆಫ್‌ನ ಹಳೆಯ ಸಂಗ್ರಹ ವಿಧಾನವಾದ ಫೈಲ್‌ಸ್ಟೋರ್‌ನಲ್ಲೇ ಪ್ರತ್ಯೇಕ ಜರ್ನಲ್ ಡ್ರೈವ್ ರೂಢಿಗೆ ಬಂದು, ಅದನ್ನು ಬದಲಿಸುವ ಸಮಸ್ಯೆಯೂ ಜೊತೆಗೇ ಬಂತು.

ರಚನೆ

ಫೈಲ್‌ಸ್ಟೋರ್‌ನಲ್ಲಿ ಒಂದು ಬರಹ ಎರಡು ಸಲ ಬರೆಯಲ್ಪಡುತ್ತದೆ. ಮೊದಲು ಜರ್ನಲ್‌ಗೆ, ಬಂದ ಕ್ರಮದಲ್ಲಿ, ಆ ಡ್ರೈವಿನ ಮೇಲೆ ನಿಜವಾಗಿ ಕೂತಿದೆಯೆಂದು ಖಾತರಿಯಾಗುವವರೆಗೆ ಕಾದು. ಆಮೇಲೆ ಎಕ್ಸ್‌ಎಫ್‌ಎಸ್ ಕಡತ ವ್ಯವಸ್ಥೆಯುಳ್ಳ ಹಾರ್ಡ್ ಡಿಸ್ಕಿಗೆ, ನಿಧಾನವಾಗಿ. ಮೂರು ಪ್ರತಿ ಇಡುವ ಕ್ಲಸ್ಟರ್‌ನಲ್ಲಿ ಮೂರೂ ಓಎಸ್‌ಡಿಗಳ ಜರ್ನಲ್‌ನಲ್ಲಿ ಬರಹ ಕೂತ ಮೇಲೆಯೇ ಕೇಳಿದವನಿಗೆ ‘ಆಯಿತು’ ಎಂಬ ಉತ್ತರ ಹೋಗುತ್ತದೆ. ಆ ಹೊತ್ತಿಗೆ ಅದು ಹಾರ್ಡ್ ಡಿಸ್ಕಿನಲ್ಲಿ ಇರಲೇಬೇಕೆಂದಿಲ್ಲ. ಜರ್ನಲ್‌ನಿಂದ ಡಿಸ್ಕಿಗೆ ಸಮವಾಗುವ ಗರಿಷ್ಠ ಅಂತರ ಸಾಮಾನ್ಯ ಹೊಂದಿಕೆಯಲ್ಲಿ 5 ಸೆಕೆಂಡು. ಈ 5 ಸೆಕೆಂಡಿನ ಬಾಕಿಯೇ ಜರ್ನಲ್ ಡ್ರೈವ್ ಬದಲಾವಣೆಯ ಎಲ್ಲ ಜಾಗ್ರತೆಗಳಿಗೂ ಮೂಲ.

ಜರ್ನಲ್‌ನ ಗಾತ್ರಕ್ಕೆ ಸೂತ್ರ ಸರಳ: ಡಿಸ್ಕಿನ ನಿರೀಕ್ಷಿತ ವೇಗವನ್ನು ಆ ಗರಿಷ್ಠ ಅಂತರದಿಂದ ಗುಣಿಸಿ ಇಮ್ಮಡಿ ಮಾಡುವುದು. ಸೆಕೆಂಡಿಗೆ 100 ಎಂಬಿ ಬರೆಯುವ ಡಿಸ್ಕಿಗೆ 1,000 ಎಂಬಿ ಸಾಕು. ಪೂರ್ವನಿಗದಿ 5,120 ಎಂಬಿ. ಇಷ್ಟು ಸಣ್ಣ ಜಾಗಕ್ಕೆ ಒಂದು ಇಡೀ ಎಸ್‌ಎಸ್‌ಡಿ ದಂಡವೆಂದು ಒಂದನ್ನೇ ಹಲವು ಓಎಸ್‌ಡಿಗಳಿಗೆ ಹಂಚುತ್ತಾರೆ. ಒಂದು ಸಾಟಾ ಎಸ್‌ಎಸ್‌ಡಿಗೆ 4ರಿಂದ 5 ಹಾರ್ಡ್ ಡಿಸ್ಕ್ ಎಂಬುದು ರೂಢಿಯ ಮಿತಿ. ಎನ್‌ವಿಎಂಇ ಆದರೆ ಹನ್ನೆರಡು, ಅದಕ್ಕಿಂತ ಹೆಚ್ಚೂ ಆಗುತ್ತದೆ. ಕೆಟ್ಟಾಗ ಅಷ್ಟೂ ಹೋಗುತ್ತವೆ ಎಂಬ ಎಚ್ಚರ ಇದ್ದರಾಯಿತು.

ಜರ್ನಲ್‌ಗೆ ಬೇಕಾದ ಎಸ್‌ಎಸ್‌ಡಿಯ ಗುಣ ಎರಡು. ಒಂದು, ವಿದ್ಯುತ್ ತಟ್ಟನೆ ಹೋದಾಗ ಒಳಗಿನ ತಾತ್ಕಾಲಿಕ ನೆನಪಿನಲ್ಲಿರುವುದನ್ನು ಚಿಪ್ಪಿಗೆ ಇಳಿಸುವಷ್ಟು ಹೊತ್ತು ಕೆಲಸ ಮಾಡಿಸುವ ಕೆಪ್ಯಾಸಿಟರ್‌ಗಳು. ಲ್ಯಾಪ್‌ಟಾಪಿಗೆಂದು ಮಾರುವ ಎಸ್‌ಎಸ್‌ಡಿಗಳಲ್ಲಿ ಇವು ಸಾಮಾನ್ಯವಾಗಿ ಇರುವುದಿಲ್ಲ. ಒಂದೊಂದು ಬರಹಕ್ಕೂ ಖಾತರಿ ಕೇಳಿದಾಗ ಅವುಗಳ ವೇಗ ಪೆಟ್ಟಿಗೆಯ ಮೇಲೆ ಅಚ್ಚಾದುದರ ಸಣ್ಣ ಪಾಲಿಗೆ ಇಳಿಯುತ್ತದೆ. ಇನ್ನೊಂದು ಬಾಳಿಕೆ. ಐದು ಓಎಸ್‌ಡಿಗಳು ತಲಾ ಸೆಕೆಂಡಿಗೆ 2 ಎಂಬಿಯಂತೆ ಬರೆದರೆ ಜರ್ನಲ್‌ಗೆ ದಿನಕ್ಕೆ 864 ಜಿಬಿ ಬೀಳುತ್ತದೆ. 400 ಜಿಬಿಯ ಡ್ರೈವಿಗೆ ಇದು ದಿನಕ್ಕೆ ಎರಡು ಸಲಕ್ಕಿಂತ ಹೆಚ್ಚು ತುಂಬಿದಂತೆ. ದಿನಕ್ಕೆ 3 ಸಲ ತುಂಬಲು ಯೋಗ್ಯವೆಂದು ಖಾತರಿಯಿರುವ ಡ್ರೈವ್ ತನ್ನ ಐದು ವರ್ಷದ ಖಾತರಿ ಅವಧಿಯನ್ನು ದಾಟುತ್ತದೆ. 0.3 ಸಲದ ಅಗ್ಗದ ಡ್ರೈವ್ ಆ ಐದು ವರ್ಷದ ಪಾಲನ್ನು ಸುಮಾರು ಎಂಟು ತಿಂಗಳಲ್ಲಿ ತಿಂದು ಮುಗಿಸುತ್ತದೆ.

ಇದರಲ್ಲಿ ಒಂದು ಮರೆಯ ಅಪಾಯವೂ ಉಂಟು. ಕ್ಲಸ್ಟರ್ ಬರಹಗಳನ್ನು ಸಮನಾಗಿ ಹಂಚುವುದರಿಂದ, ಒಂದೇ ದಿನ ಕೊಂಡ ಒಂದೇ ಮಾದರಿಯ ಜರ್ನಲ್ ಡ್ರೈವ್‌ಗಳು ಒಂದೇ ಸಮ ಸವೆಯುತ್ತವೆ. ಮೂರು ಪ್ರತಿಯ ರಕ್ಷಣೆ ನಿಂತಿರುವುದು ಮೂರೂ ಒಟ್ಟಿಗೆ ಕೆಡುವುದಿಲ್ಲ ಎಂಬ ಊಹೆಯ ಮೇಲೆ. ಸವೆತ ಆ ಊಹೆಯನ್ನೇ ಸುಳ್ಳು ಮಾಡಬಲ್ಲದು. ಆದ್ದರಿಂದ ಡ್ರೈವ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯ ಸವೆತದ ಅಂಕಿಯನ್ನು ನೋಡುತ್ತ, ಕೆಡುವ ಮೊದಲೇ, ಒಂದೊಂದು ಸರ್ವರ್‌ನಂತೆ ಅಂತರ ಬಿಟ್ಟು ಬದಲಿಸುವುದೇ ಸರಿಯಾದ ಪದ್ಧತಿ.

ಬದಲಾವಣೆಯ ಕ್ರಮ

ವಿವರಣೆಗಾಗಿ ಒಂದು ಕಲ್ಪಿತ ಕ್ಲಸ್ಟರ್ ಇಟ್ಟುಕೊಳ್ಳಬಹುದು. ಸರ್ವರ್‌ಗಳಿಗೆ ಊರಿನ ಹೆಸರಿಡುವುದು ಗಣಕ ಕೊಠಡಿಗಳ ಹಳೆಯ ವಾಡಿಕೆ. ಇಲ್ಲಿ ಮೂರು ಸರ್ವರ್‌ಗಳಿಗೆ ಅರಸೀಕೆರೆ, ಬೇಲೂರು, ಹಳೇಬೀಡು ಎಂದು ಹೆಸರು. ಒಂದೊಂದರಲ್ಲೂ ಹತ್ತು ಹಾರ್ಡ್ ಡಿಸ್ಕ್, ಎರಡು ಜರ್ನಲ್ ಎಸ್‌ಎಸ್‌ಡಿ. ಓಎಸ್‌ಡಿ 0ರಿಂದ 9 ಅರಸೀಕೆರೆಯಲ್ಲಿ, 10ರಿಂದ 19 ಬೇಲೂರಿನಲ್ಲಿ, 20ರಿಂದ 29 ಹಳೇಬೀಡಿನಲ್ಲಿ. ಪ್ರತಿಗಳು ಮೂರು, ಸರ್ವರ್‌ಗೆ ಒಂದರಂತೆ. ಕನಿಷ್ಠ ಎರಡು ಪ್ರತಿ ಜೀವಂತವಿದ್ದರೆ ಮಾತ್ರ ಓದು ಬರಹ ನಡೆಯಬೇಕೆಂಬ ನಿಯಮವಿದೆ. ಬೇಲೂರಿನ ಮೊದಲ ಎಸ್‌ಎಸ್‌ಡಿ ಸವೆದಿದೆ. ಅದನ್ನು ನೆಚ್ಚಿರುವವು ಓಎಸ್‌ಡಿ 10ರಿಂದ 14.

ಕೈ ಹಾಕುವ ಮೊದಲು ಕ್ಲಸ್ಟರ್‌ನ ಆರೋಗ್ಯ ನೋಡಬೇಕು. ಎಲ್ಲ ಕಟ್ಟುಗಳೂ ‘ಆಕ್ಟಿವ್ ಪ್ಲಸ್ ಕ್ಲೀನ್’ ಎಂದು ತೋರಿಸಬೇಕು. ಹಳೇಬೀಡಿನಲ್ಲಿ ಆಗಲೇ ಒಂದು ಡಿಸ್ಕ್ ಮಲಗಿದ್ದು ಅದರ ಪ್ರತಿ ಇನ್ನೂ ತುಂಬುತ್ತಿದ್ದರೆ ಬೇಲೂರನ್ನು ಮುಟ್ಟುವ ಸಮಯ ಅದಲ್ಲ. ಕೆಲವು ಕಟ್ಟುಗಳಿಗೆ ಒಂದೇ ಪ್ರತಿ ಉಳಿದು ಸೇವೆ ನಿಲ್ಲುತ್ತದೆ. ಸೆಫ್‌ನ 2017ರ ಲುಮಿನಸ್ ಆವೃತ್ತಿಯಿಂದೀಚೆಗೆ ಇಂತಿಂಥ ಓಎಸ್‌ಡಿಗಳನ್ನು ನಿಲ್ಲಿಸಬಹುದೇ ಎಂದು ಕ್ಲಸ್ಟರನ್ನೇ ಕೇಳುವ ‘ಓಕೆ ಟು ಸ್ಟಾಪ್’ ಎಂಬ ಆಜ್ಞೆ ಬಂದಿದೆ.

ಮುಂದಿನದು ಗುರುತು ಹಿಡಿಯುವುದು. ಪ್ರತಿ ಓಎಸ್‌ಡಿಯ ಕೋಶದಲ್ಲಿ ಜರ್ನಲ್ ಎಂಬ ಹೆಸರಿನ ಕೊಂಡಿಯೊಂದು ಎಸ್‌ಎಸ್‌ಡಿಯ ಒಂದು ವಿಭಾಗವನ್ನು ತೋರಿಸುತ್ತದೆ. ಐದೂ ಕೊಂಡಿಗಳನ್ನು ನೋಡಿ, ಬರೆದಿಟ್ಟು, ಡ್ರೈವಿನ ಕ್ರಮಸಂಖ್ಯೆಯನ್ನು ಅದರ ಮೇಲಿನ ಚೀಟಿಯೊಡನೆ ತಾಳೆ ನೋಡಬೇಕು. ಒಳ್ಳೆಯ ಡ್ರೈವನ್ನು ಎಳೆದು ಕೆಟ್ಟದ್ದನ್ನು ಬಿಟ್ಟ ಪ್ರಸಂಗಗಳು ಈ ಉದ್ಯೋಗದಲ್ಲಿ ಅಪರೂಪವಲ್ಲ. ಟ್ರೇಯ ದೀಪ ಮಿನುಗಿಸಿ ನೋಡುವ ಸೌಲಭ್ಯ ಇರುವುದೇ ಅದಕ್ಕೆ.

ಆಮೇಲೆ ಕ್ಲಸ್ಟರ್‌ಗೆ ‘ನೋಔಟ್’ ಬಾವುಟ ಹಾಕಬೇಕು. ಒಂದು ಓಎಸ್‌ಡಿ ಸುಮ್ಮನಾಗಿ 600 ಸೆಕೆಂಡು, ಎಂದರೆ 10 ನಿಮಿಷ, ಕಳೆದರೆ ಅದು ಹೋಯಿತೆಂದೇ ಬಗೆದು ಕ್ಲಸ್ಟರ್ ಪ್ರತಿಗಳನ್ನು ಬೇರೆಡೆ ಕಟ್ಟಲು ತೊಡಗುತ್ತದೆ. ಹತ್ತು ನಿಮಿಷದಲ್ಲಿ ಮುಗಿಯದ ಕೆಲಸಕ್ಕೆ ಟೆರಾಬೈಟ್‌ಗಟ್ಟಲೆ ಓಡಾಟ ಶುರುವಾದರೆ ಉಳಿದ ಡಿಸ್ಕುಗಳ ಮೇಲೆ ವ್ಯರ್ಥ ಹೊರೆ. ಬಾವುಟವಿದ್ದರೆ ಅದು ಕಾಯುತ್ತದೆ. ಲುಮಿನಸ್‌ನಿಂದೀಚೆಗೆ ಇದನ್ನು ಇಡೀ ಕ್ಲಸ್ಟರ್‌ಗೆ ಬದಲು ಬೇಕಾದ ಓಎಸ್‌ಡಿಗಳಿಗೆ ಮಾತ್ರ ಹಾಕಬಹುದು, ಅದೇ ಮೇಲು. ಏಕೆಂದರೆ ಇಡೀ ಕ್ಲಸ್ಟರ್‌ಗೆ ಬಾವುಟ ಇರುವಷ್ಟು ಹೊತ್ತು ಬೇರೆ ಡಿಸ್ಕ್ ನಿಜವಾಗಿ ಸತ್ತರೂ ಕ್ಲಸ್ಟರ್ ಸುಮ್ಮನೆ ಕೂತಿರುತ್ತದೆ.

ಓಎಸ್‌ಡಿ 10ರಿಂದ 14ನ್ನು ನಿಲ್ಲಿಸಿ, ಒಂದೊಂದಕ್ಕೂ ‘ಫ್ಲಶ್ ಜರ್ನಲ್’ ಆಜ್ಞೆ ಕೊಟ್ಟು ಹರಿಸಬೇಕು. ಕ್ರಮ ಇದೇ: ಮೊದಲು ನಿಲ್ಲಿಸುವುದು, ಆಮೇಲೆ ಹರಿಸುವುದು. ಓಡುತ್ತಿರುವ ಓಎಸ್‌ಡಿಯ ಜರ್ನಲ್ ಬರಿದಾದ ಮರುಕ್ಷಣವೇ ಮತ್ತೆ ತುಂಬುತ್ತದೆ. ಇಂಥ ವಸ್ತುಕೋಶಕ್ಕೆ ಇಂಥ ಜರ್ನಲನ್ನು ಹರಿಸಲಾಯಿತು ಎಂಬ ಸಾಲು ಐದು ಸಲ, ಐದು ಬೇರೆ ಸಂಖ್ಯೆಗಳೊಂದಿಗೆ, ಪರದೆಯ ಮೇಲೆ ಕಾಣಬೇಕು. ಕಿರ್ದಿ ಖಾತೆಗೆ ಏರಿತೆಂಬುದಕ್ಕೆ ಆ ಸಾಲೇ ರಸೀದಿ. ನಾಲ್ಕು ಕಂಡು ಐದನೆಯದು ಕಾಣದಿದ್ದರೆ ಡ್ರೈವನ್ನು ಎಳೆಯುವಂತಿಲ್ಲ.

ಡ್ರೈವ್ ಬದಲಿಸಿದ ಮೇಲೆ ಹೊಸದರಲ್ಲಿ ಐದು ವಿಭಾಗ ಮಾಡುತ್ತಾರೆ. ಕೊಂಡಿಗಳು ‘ಎಸ್‌ಡಿಬಿ’, ‘ಎಸ್‌ಡಿಸಿ’ ಮುಂತಾದ, ಲಿನಕ್ಸ್ ಡ್ರೈವ್‌ಗಳಿಗೆ ಕೊಡುವ ಹೆಸರುಗಳನ್ನು ನೆಚ್ಚಬಾರದು. ಸರ್ವರ್ ಮತ್ತೆ ಚಾಲೂ ಆದಾಗ ಆ ಹೆಸರುಗಳು ಅದಲು ಬದಲಾಗಬಹುದು, ಒಂದು ಓಎಸ್‌ಡಿಯ ಕಿರ್ದಿಯನ್ನು ಇನ್ನೊಂದು ಹುಡುಕಿಕೊಂಡು ಹೋಗುವ ಸ್ಥಿತಿ ಬರುತ್ತದೆ. ವಿಭಾಗಕ್ಕೇ ಅಂಟಿದ ಅನನ್ಯ ಗುರುತನ್ನು ಬಳಸಬೇಕು. ಹಳೆಯ ವಿಭಾಗಗಳ ಗುರುತನ್ನೇ ಹೊಸವಕ್ಕೂ ಕೊಟ್ಟರೆ ಕೊಂಡಿಗಳನ್ನು ಮುಟ್ಟುವ ಪ್ರಮೇಯವೇ ಇಲ್ಲ. ವಿಭಾಗದ ಒಡೆತನವೂ ಸೆಫ್ ಬಳಕೆದಾರನದ್ದಾಗಿರಬೇಕು. 2015ರ ಇನ್ಫರ್ನಾಲಿಸ್‌ನಿಂದ ಸೆಫ್ ರೂಟ್ ಅಧಿಕಾರವಿಲ್ಲದೆ ಓಡುತ್ತದೆ. ಜರ್ನಲ್ ಎಂದು ಸೂಚಿಸುವ ವಿಭಾಗದ ಬಗೆಯನ್ನು ನಮೂದಿಸದೆ ಕೈಯಿಂದ ಮಾತ್ರ ಒಡೆತನ ಬದಲಿಸಿದರೆ ಅಂದು ಕೆಲಸ ನಡೆದು, ಮುಂದೆಂದೋ ಸರ್ವರನ್ನು ಮತ್ತೆ ಚಾಲೂ ಮಾಡಿದ ದಿನ ಐದೂ ಓಎಸ್‌ಡಿಗಳು ಏಳುವುದಿಲ್ಲ.

ಕೊನೆಗೆ ಒಂದೊಂದಕ್ಕೂ ‘ಮೇಕ್ ಜರ್ನಲ್’ ಆಜ್ಞೆಯಿಂದ ಹೊಸ ಜರ್ನಲ್ ಬರೆಸಿ, ಮೊದಲು ಓಎಸ್‌ಡಿ 10ನ್ನು ಮಾತ್ರ ಎಬ್ಬಿಸಿ ನೋಡುತ್ತಾರೆ. ಅದು ಕ್ಲಸ್ಟರ್‌ಗೆ ಸೇರಿದ ಮೇಲೆ ಉಳಿದ ನಾಲ್ಕು. ನಿಂತಿದ್ದ ಹೊತ್ತಿನಲ್ಲಿ ಅರಸೀಕೆರೆ, ಹಳೇಬೀಡುಗಳಲ್ಲಿ ಬದಲಾದ ವಸ್ತುಗಳನ್ನು ಕಟ್ಟಿನ ದಾಖಲೆ ನೋಡಿ ಅವು ತರಿಸಿಕೊಳ್ಳುತ್ತವೆ. ದಾಖಲೆಯ ಅಳತೆ ಮೀರುವಷ್ಟು ಹೊತ್ತು ನಿಂತಿದ್ದರೆ ಮಾತ್ರ ಇಡೀ ಕಟ್ಟನ್ನು ತಾಳೆ ನೋಡಬೇಕಾಗುತ್ತದೆ. ಬಾವುಟ ತೆಗೆದು, ಎಲ್ಲ ಕಟ್ಟುಗಳೂ ಸ್ವಚ್ಛವಾದ ನಂತರವೇ ಬೇಲೂರಿನ ಎರಡನೆಯ ಎಸ್‌ಎಸ್‌ಡಿಗೆ ಕೈ ಹಾಕಬಹುದು. ತೆಗೆಯಲು ಮರೆತ ನೋಔಟ್ ಬಾವುಟ ಕ್ಲಸ್ಟರ್‌ನ ಸ್ಥಿತಿಫಲಕದಲ್ಲಿ ಎಚ್ಚರಿಕೆಯಾಗಿ ಉಳಿಯುತ್ತದೆ. ನೋಡುವವರು ಅದಕ್ಕೆ ಒಗ್ಗಿಹೋಗುವುದೂ ಉಂಟು.

ಹರಿಸುವ ಮೊದಲೇ ಡ್ರೈವ್ ಸತ್ತಾಗ

ಎಸ್‌ಎಸ್‌ಡಿ ತಾನಾಗಿ ಸತ್ತರೆ ಅದನ್ನು ನೆಚ್ಚಿದ ಓಎಸ್‌ಡಿಗಳು ಆ ಕ್ಷಣವೇ ನಿಲ್ಲುತ್ತವೆ. ಅವುಗಳ ಹಾರ್ಡ್ ಡಿಸ್ಕ್ ಗಟ್ಟಿಯಾಗಿಯೇ ಇರುತ್ತದೆ, ಒಳಗಿನ ಕಡತಗಳೂ ಕಾಣುತ್ತವೆ. ಆದರೆ ಕೊನೆಯ ಕೆಲವು ಸೆಕೆಂಡಿನ ಬರಹ ಎಷ್ಟು ಏರಿತ್ತು, ಎಷ್ಟು ಅರ್ಧಕ್ಕೆ ನಿಂತಿತ್ತು ಎಂದು ಹೇಳುವ ದಾಖಲೆ ಉಳಿದಿಲ್ಲ. ಇಂಥ ಓಎಸ್‌ಡಿಗೂ ‘ಮೇಕ್ ಜರ್ನಲ್’ ಕೊಟ್ಟರೆ ಅದು ಎದ್ದು ಕೂರುತ್ತದೆ. ಏಳುವುದೇ ಅಪಾಯ, ಏಕೆಂದರೆ ಹಳೆಯ ಪ್ರತಿಯನ್ನು ಹೊಸದೆಂದು ನಂಬಿಸುತ್ತ ಅದು ಕ್ಲಸ್ಟರ್‌ಗೆ ಸೇರಿಕೊಳ್ಳುತ್ತದೆ. ಐದನ್ನೂ ಅಳಿಸಿ, ಹೊಸದಾಗಿ ಕಟ್ಟಿ, ಉಳಿದ ಎರಡು ಸರ್ವರ್‌ಗಳಿಂದ ತುಂಬಿಸಿಕೊಳ್ಳುವುದೇ ಸರಿಯಾದ ದಾರಿ.

ಬಗೆಗಳು

ಇಂದಿನ ಸೆಫ್‌ನ ಬ್ಲೂಸ್ಟೋರ್ ವಿಧಾನದಲ್ಲಿ ಎಕ್ಸ್‌ಎಫ್‌ಎಸ್ ಇಲ್ಲ. ಡಿಸ್ಕನ್ನು ಅದು ನೇರವಾಗಿ ನಿರ್ವಹಿಸುತ್ತದೆ. ಯಾವ ವಸ್ತು ಎಲ್ಲಿದೆ ಎಂಬ ವಿವರ ರಾಕ್ಸ್‌ಡಿಬಿ ಎಂಬ ದತ್ತಾಂಶ ಕೋಶದಲ್ಲಿ, ಸಣ್ಣ ಬರಹಗಳು ಅದರ ಮುಂಗಡ ದಾಖಲೆಯಲ್ಲಿ ಇರುತ್ತವೆ. ವೇಗದ ಡ್ರೈವಿನಲ್ಲಿ ಇಡುವುದು ಇವೆರಡನ್ನು. ದೊಡ್ಡ ಬರಹ ಒಂದೇ ಸಲ ಡಿಸ್ಕಿಗೆ ಹೋಗುವುದರಿಂದ ಫೈಲ್‌ಸ್ಟೋರ್‌ನ ಎರಡು ಸಲದ ದಂಡ ತಪ್ಪಿದೆ. ಬದಲಾಗಿ ಡ್ರೈವಿನ ಮೇಲಿನ ಹೊಣೆ ಹೆಚ್ಚಿದೆ: ಅದು ಬರೀ ಕಿರ್ದಿಯಲ್ಲ, ಖಾತೆ ಪುಸ್ತಕದ ಪುಟಸೂಚಿಯೂ ಹೌದು. ಹರಿಸಿ ಬರಿದು ಮಾಡುವ ದಾರಿ ಇಲ್ಲ, ಇದ್ದದ್ದನ್ನು ಹಾಗೆಯೇ ಹೊಸ ಡ್ರೈವಿಗೆ ಸಾಗಿಸಬೇಕು. ಓಎಸ್‌ಡಿ ನಿಲ್ಲಿಸಿ ‘ಸೆಫ್ ವಾಲ್ಯೂಮ್’ನ ‘ಮೈಗ್ರೇಟ್’ ಆಜ್ಞೆಯಿಂದ ಸಾಗಿಸಬಹುದು. ವಿಭಾಗಗಳು, ಹಲವು ಡ್ರೈವ್‌ಗಳನ್ನು ಒಂದು ಗುಂಪಾಗಿ ಕೂಡಿಸುವ ಎಲ್‌ವಿಎಂ ಮೇಲಿದ್ದರೆ, ಹೊಸ ಡ್ರೈವನ್ನೂ ಅದೇ ಗುಂಪಿಗೆ ಸೇರಿಸಿ ‘ಪಿವಿಮೂವ್’ನಿಂದ ಓಎಸ್‌ಡಿ ಓಡುತ್ತಿರುವಾಗಲೇ ಸಾಗಿಸುವುದೂ ಸಾಧ್ಯ. ಎರಡೂ ದಾರಿಗೆ ಹಳೆಯ ಡ್ರೈವ್ ಓದಲು ಬರಬೇಕು. ಸತ್ತಿದ್ದರೆ ಓಎಸ್‌ಡಿಯೇ ಸತ್ತಂತೆ. ಸಂಖ್ಯೆಯನ್ನು ಉಳಿಸಿಕೊಂಡು ಮರುಕಟ್ಟುವುದೊಂದೇ ಉಳಿಯುತ್ತದೆ.

ಜೆಡ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಯ ಪ್ರತ್ಯೇಕ ದಾಖಲೆ ಡ್ರೈವ್ ಇವೆಲ್ಲಕ್ಕಿಂತ ಸೌಮ್ಯ. ಅದರಲ್ಲಿರುವುದು ಸ್ಮೃತಿಯಲ್ಲೂ ಇರುತ್ತದೆ. ಸರ್ವರ್ ಕುಸಿದಾಗ ಮಾತ್ರ ಅದನ್ನು ಓದುತ್ತಾರೆ. ಡ್ರೈವ್ ಒಂದೇ ಸತ್ತು ಸರ್ವರ್ ಬದುಕಿದ್ದರೆ ಏನೂ ಕಳೆಯದು. ಹಡೂಪ್ ತಂತ್ರಾಂಶದ ಎಚ್‌ಡಿಎಫ್‌ಎಸ್ ಸಂಗ್ರಹದಲ್ಲಿ ಹೆಸರುಪಟ್ಟಿಯ ತಿದ್ದುಪಡಿಗಳನ್ನು ಕನಿಷ್ಠ ಮೂರು ಜರ್ನಲ್ ನೋಡ್‌ಗಳು ಬಹುಮತದಿಂದ ಕಾಯುತ್ತವೆ; ಮೂರರಲ್ಲಿ ಒಂದರ ಡ್ರೈವ್ ಬದಲಿಸಿದರೆ ಕೆಲಸ ನಿಲ್ಲುವುದಿಲ್ಲ.

ಕರ್ನಾಟಕದಲ್ಲಿ

ಹಂಚಿಕೆಯ ಸಂಗ್ರಹದ ತಂತ್ರಾಂಶಗಳಲ್ಲಿ ಒಂದಾದ ಗ್ಲಸ್ಟರ್‌ನ ಅಭಿವೃದ್ಧಿಯಲ್ಲಿ ಬೆಂಗಳೂರಿಗೆ ದೊಡ್ಡ ಪಾಲಿದೆ. ಆ ಸಂಸ್ಥೆಯನ್ನು ರೆಡ್ ಹ್ಯಾಟ್ 2011ರ ಅಕ್ಟೋಬರ್‌ನಲ್ಲಿ ಸುಮಾರು 13.6 ಕೋಟಿ ಡಾಲರ್‌ಗೆ ಕೊಂಡಿತು. ಸೆಫ್‌ನ ಹಿಂದಿದ್ದ ಇಂಕ್‌ಟ್ಯಾಂಕ್ 2014ರಲ್ಲಿ ಅದೇ ಸಂಸ್ಥೆಯ ಪಾಲಾಯಿತು. ಗ್ಲಸ್ಟರ್‌ನಲ್ಲಿ ಪ್ರತ್ಯೇಕ ಜರ್ನಲ್ ಡ್ರೈವ್ ಎಂಬುದಿಲ್ಲ. ಯಾವ ಪ್ರತಿಗೆ ಬರಹ ಬಾಕಿಯಿದೆ ಎಂಬುದನ್ನು ಅದು ಕಡತದ ಗುಣಲಕ್ಷಣಗಳಲ್ಲೇ ಗುರುತು ಹಾಕುತ್ತದೆ.

ಸಾರ್ವಜನಿಕ ದಾಖಲೆಯಲ್ಲಿ ಕಿರ್ದಿ ಮತ್ತು ಖಾತೆಯ ಇಂಥದೇ ಜೋಡಿ ರಾಜ್ಯದ ಜಮೀನು ದಾಖಲೆಗಳ ಭೂಮಿ ಯೋಜನೆಯಲ್ಲಿ ಕಾಣುತ್ತದೆ. 2000ರ ಸುಮಾರಿನಲ್ಲಿ ಆರಂಭವಾದ ಆ ಯೋಜನೆ ರಾಜ್ಯದ 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳನ್ನು ಗಣಕಕ್ಕೆ ಏರಿಸಿ, ಪಹಣಿ ನಕಲನ್ನು ತಾಲ್ಲೂಕು ಕೇಂದ್ರದಲ್ಲಿ 15 ರೂಪಾಯಿಗೆ ಕೊಟ್ಟಿತು. ಮೊದಲ ಹಂತದಲ್ಲಿ ಒಂದೊಂದು ತಾಲ್ಲೂಕಿನ ದತ್ತಾಂಶವೂ ಆ ತಾಲ್ಲೂಕು ಕಚೇರಿಯ ಸರ್ವರ್‌ನಲ್ಲೇ ಇತ್ತು: ಅರಸೀಕೆರೆಯದು ಅರಸೀಕೆರೆಯಲ್ಲಿ, ಹಳೇಬೀಡು ಹೋಬಳಿಯದು ಬೇಲೂರಿನಲ್ಲಿ. ಆಮೇಲೆ ಬೆಂಗಳೂರಿನ ಕೇಂದ್ರ ದತ್ತಾಂಶಕ್ಕೆ ಅವು ಸೇರಿದವು. ಹಕ್ಕು ಬದಲಾವಣೆ ಮೊದಲು ಮ್ಯುಟೇಶನ್ ವಹಿಗೆ ಬಿದ್ದು, ತಕರಾರಿನ ಅವಧಿ ಕಳೆದು, ಮಂಜೂರಾದ ಮೇಲೆಯೇ ಪಹಣಿಗೆ ಏರುತ್ತದೆ. ತತ್ವದಲ್ಲಿ ಇದೂ ಜರ್ನಲ್ ವ್ಯವಸ್ಥೆಯೇ. ಅಂತರ ಮಾತ್ರ 5 ಸೆಕೆಂಡಿನದಲ್ಲ.

ಇಂದಿನ ಸ್ಥಿತಿ

2017ರ ಲುಮಿನಸ್‌ನಲ್ಲಿ ಬ್ಲೂಸ್ಟೋರ್ ಪೂರ್ವನಿಗದಿ ಆಯಿತು. 2023ರ ರೀಫ್ ಆವೃತ್ತಿಯಲ್ಲಿ ಫೈಲ್‌ಸ್ಟೋರ್‌ಗೆ ಬೆಂಬಲವೇ ಇಲ್ಲವಾಯಿತು. ಅದಕ್ಕೆ ಏರಬೇಕಾದ ಹಳೆಯ ಕ್ಲಸ್ಟರ್‌ಗಳು ಒಂದೊಂದೇ ಓಎಸ್‌ಡಿಯನ್ನು ಮೊದಲೇ ಮರುಕಟ್ಟಿಕೊಳ್ಳಬೇಕು. ಹೀಗಾಗಿ ಹಳೆಯ ಅರ್ಥದ ಜರ್ನಲ್ ಡ್ರೈವ್ ಈಗ ಏರಿಸದೆ ಬಿಟ್ಟ ಕ್ಲಸ್ಟರ್‌ಗಳಲ್ಲಿ ಮಾತ್ರ ಉಳಿದಿದೆ, ಜರ್ನಲ್ ಡ್ರೈವ್ ಎಂಬ ಮಾತು ಬ್ಲೂಸ್ಟೋರ್‌ನ ದತ್ತಾಂಶ ಕೋಶದ ಡ್ರೈವಿಗೂ ಬಳಕೆಯಾಗುತ್ತಿದೆ. ಇಡೀ ಕ್ಲಸ್ಟರನ್ನೇ ಎನ್‌ವಿಎಂಇ ಮೇಲೆ ಕಟ್ಟುವವರು ಪ್ರತ್ಯೇಕ ಡ್ರೈವನ್ನೇ ಬಿಟ್ಟಿದ್ದಾರೆ. ಹಾರ್ಡ್ ಡಿಸ್ಕ್ ಅಗ್ಗವಾಗಿರುವ ತನಕ ದೊಡ್ಡ ಉಗ್ರಾಣಗಳು ಅದನ್ನು ಬಿಡಲಾರವು.

ತೆಗೆದ ಡ್ರೈವಿನ ವಿಲೇವಾರಿಯೂ ಈಗ ಕೆಲಸದ ಭಾಗ. ಹರಿಸಿದ ಜರ್ನಲ್ ಕ್ಲಸ್ಟರ್‌ನ ದೃಷ್ಟಿಯಲ್ಲಿ ಬರಿದು, ಚಿಪ್ಪುಗಳ ಮೇಲೆ ಮಾತ್ರ ಕೊನೆಯ ಕೆಲವು ಗಿಗಾಬೈಟ್ ಬರಹ ಹಾಗೆಯೇ ಇರುತ್ತದೆ, ಓದಬಲ್ಲವನು ಓದಬಹುದು. ತಯಾರಕರು ಕೊಟ್ಟ ಸುರಕ್ಷಿತ ಅಳಿಸುವಿಕೆಯ ಆಜ್ಞೆ ಓಡಿಸಿ, ಅದು ಕೆಲಸ ಮಾಡದಷ್ಟು ಕೆಟ್ಟಿದ್ದರೆ ಚಿಪ್ಪುಗಳನ್ನು ಪುಡಿ ಮಾಡಿಸಿ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ನೋಂದಾಯಿತ ಮರುಬಳಕೆದಾರರಿಗೆ ಒಪ್ಪಿಸುತ್ತಾರೆ. ಸವೆದ ಡ್ರೈವನ್ನು ಬಿಡಿಭಾಗವೆಂದು ಕಪಾಟಿನಲ್ಲಿ ಎತ್ತಿಡುವ ರೂಢಿ ಕೆಲವೆಡೆ ಇದೆ. ತುರ್ತಿನಲ್ಲಿ ಅದೇ ಡ್ರೈವ್ ಮತ್ತೆ ಸರ್ವರ್ ಸೇರುವುದರಿಂದ, ತೆಗೆದ ದಿನವೇ ಅದರ ಮೇಲೆ ದಿನಾಂಕ ಮತ್ತು ಸವೆತದ ಅಂಕಿ ಬರೆದು ಚೀಟಿ ಅಂಟಿಸುವುದು ವಾಡಿಕೆ.